ಪ್ರಿಆಂಪ್ ಪರೀಕ್ಷೆಗೆ ಕುಳಿತ ಸೋದರಮಾವ

ಪೆಟ್ಟಿಗೆಗೆ ಹದಿನೆಂಟು ಸಾವಿರ, ವೈರ್‌ಗೆ ಎರಡು ಸಾವಿರ, ಮೇಲೆ ಮೂರು ಸುತ್ತು ಚಹಾ. ಗೆಳೆಯರೇ, ಹಾಡು ಕೇಳುವ ಆಂಪ್ಲಿಫೈಯರಿನ ಮುಂದೆ, ದನಿಯನ್ನು ಮೊದಲೇ ಹದ ಮಾಡುವ ಪ್ರಿಆಂಪ್ ಎಂಬ ಇನ್ನೊಂದು ಪೆಟ್ಟಿಗೆ ಬೇಕೇ ಎಂಬ ಜಗಳ ಇಂದು ನಮ್ಮ ಮನೆಯಲ್ಲಿ ಕೈ ಕೈ ಮಿಲಾಯಿಸುವವರೆಗೆ ಹೋಯಿತು.

"ಇದಿಲ್ಲಂದ್ರ ದನಿ ಸತ್ತಂಗ ಕೇಳತೈತ್ರಿ" ಎಂದ ಪೆಟ್ಟಿಗೆ ತಂದುಕೊಟ್ಟ ಸಿಂದಗಿಯ ಅಂಗಡಿಯವ.

"ಬರೇ ದನಿ ಜೋರ್ ಮಾಡಿ ಚಲೋ ಐತಿ ಅಂತೀರಿ. ವಾಪಸ್ ಒಯ್ರಿ!" ಎಂದು ನನ್ನ ತಮ್ಮ ಎದ್ದು ನಿಂತ.

ಕೊನೆಗೆ ಭಜನೆ ಹಾಡುವ ಸೋದರಮಾವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಎರಡು ಸಲವೂ ದನಿಯ ಜೋರು ಸಮ ಇರುವಂತೆ ಮಾಡಿ, ಮುದ್ದೇಬಿಹಾಳದ ತಬಲಾದವನ ಜೊತೆ ಅವರೇ ಹಾಡಿ ರೆಕಾರ್ಡ್ ಮಾಡಿಸಿದ್ದ ಹಾಡನ್ನು ಪೆಟ್ಟಿಗೆ ಜೋಡಿಸಿ ಒಮ್ಮೆ, ತೆಗೆದು ಒಮ್ಮೆ ಕೇಳಿಸಿದೆವು. ವ್ಯತ್ಯಾಸ ತಿಳಿಯದಿದ್ದರೆ ದುಡ್ಡು ವಾಪಸ್ ಎಂದು ಅಂಗಡಿಯವ ಒಪ್ಪಿದ್ದ.

ಮಾವ ತಿರುಗಿದರು. "ಫರಕ್ ಏನೂ ಇಲ್ಲೋ ಅಳಿಯಾ. ತಾಳ ತಪ್ಪಿಸಿದಿ ಅಂತ ತಬಲಾದಾಂವನ್ನ ಬೈದಿದ್ನಲ್ಲಾ, ತಪ್ಪಿದಾಂವ ನಾನ. ಎರಡರಾಗೂ ಹಂಗ ಕೇಳತೈತಿ."

ಅಂಗಡಿಯವನಿಗೆ ಅವನ ಪೆಟ್ಟಿಗೆ, ನನಗೆ ನನ್ನ ದುಡ್ಡು, ತಮ್ಮನಿಗೆ ತಿಂಗಳಿಡೀ ಹೇಳಿಕೊಳ್ಳಲು ಒಂದು ಮಾತು, ಮುದ್ದೇಬಿಹಾಳದ ತಬಲಾದವನಿಗೆ ಮಾವನ ಫೋನು.