ತಿಂಡಿ ಬೇಡವೆಂದ ಸ್ಯಾಕ್ಸೋಫೋನ್ ಅಮ್ಮ

“ಬನ್ನಿ ಅಮ್ಮಾ, ಇಡ್ಲಿ ಬಿಸಿಯಾಗಿದೆ. ನಿಮ್ಮ ಯಜಮಾನ್ರು ಮುಹೂರ್ತ ಮುಗಿಸಿ ಬರಲಿ,” ಎಂದು ಕರೆದೆ. ಮಧುಗಿರಿಯ ಛತ್ರದಲ್ಲಿ ನನ್ನ ತಂಗಿಯ ಮದುವೆ. ಡೋಲಿನವರ ಪಕ್ಕದಲ್ಲಿ ಸ್ಯಾಕ್ಸೋಫೋನ್ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಅವರ ಹೆಂಡತಿ, ಜೊತೆಗೆ ಬಂದಿದ್ದಾರೆ ಎಂದುಕೊಂಡಿದ್ದೆ.

ಆಕೆ ಪೆಟ್ಟಿಗೆ ತೆರೆಯುತ್ತಾ ಹೇಳಿದರು: “ಹೊಟ್ಟೆ ತುಂಬಿದ್ರೆ ಉಸ್ರು ನಿಲ್ಲಕಿಲ್ಲ ಕಣಮ್ಮ. ಊದೋಳು ನಾನು.”

ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗಿದ್ದು ಆಕೆಯ ಉಸಿರಿನಿಂದಲೇ. ಆಮೇಲೆ ಊಟದ ಹೊತ್ತಿಗೆ, ದೇವರನಾಮಗಳ ನಡುವೆ, ತೂಗಿ ತೂಗಿ ಸಾಗುವ ಹೊಸ ಧಾಟಿಯೊಂದು ಕೇಳಿಸಿತು. ಸಾರು ಬಡಿಸುತ್ತಿದ್ದವರೂ ಒಂದು ಗಳಿಗೆ ನಿಂತರು. ನಾನು ಹತ್ತಿರ ಹೋಗಿ ಅದೇನೆಂದು ಕೇಳಿದೆ.

“ಜಾಜ್ ಅಂತೆ. ಮೊಬೈಲ್‌ನಾಗೆ ಯಾವ್ದೋ ದೇಶದ ಒಬ್ಬಮ್ಮ ಊದ್ತಿತ್ತು. ನಮ್ಮಂಗೆ ಹೆಂಗ್ಸೇ ಅಲ್ವಾ ಅಂತ ಕೇಳಿ ಕೇಳಿ ಕಲ್ತ್ಕಂಡೆ,” ಎಂದರು. ಅವರು ಉಂಡದ್ದು ಕಡೆಯ ಪಂಕ್ತಿಯಲ್ಲಿ.

ಮೊನ್ನೆ, ಆ ಮದುವೆಗೆ ಬಂದಿದ್ದ ಶಿರಾದ ಪರಿಚಿತರೊಬ್ಬರು ಫೋನ್ ಮಾಡಿ, ಆ ಸ್ಯಾಕ್ಸೋಫೋನ್ ಅಮ್ಮನ ಹೆಸರು, ನಂಬರ್ ಕೇಳಿದರು. ನನ್ನಲ್ಲಿದ್ದದ್ದು ಡೋಲಿನವರ ನಂಬರ್ ಒಂದೇ. ಉಸಿರಿನ ಲೆಕ್ಕವನ್ನೂ ಜಾಜನ್ನೂ ನನಗೆ ಹೇಳಿಕೊಟ್ಟವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.