ಬರಿದಾದ ಗೋರಿ

ಬಬಲೇಶ್ವರದ ವಿಜಯಲಕ್ಷ್ಮೀ ಸತ್ತವರ ಕಥೆ ಹೇಳಿ ಹೊಟ್ಟೆ ಹೊರೆಯುವವಳು. ವಿಜಯಪುರಕ್ಕೆ ಬಂದ ಪ್ರವಾಸಿಗರನ್ನು ಟೆಂಪೋದಲ್ಲಿ ಹತ್ತಿಸಿಕೊಂಡು, ಬೆಳಿಗ್ಗೆ ಬುರುಜಿನ ಮೇಲಿನ ತೋಪು, ಆಮೇಲೆ ಮುತ್ತಿಗೆಯಲ್ಲಿ ಜಖಂಗೊಂಡ ಕೋಟೆಗೋಡೆ, ಊಟವಾದ ಮೇಲೆ ಊರಾಚೆಯ ಸಾಠ್ ಕಬರ್ ಎಂಬ ಅರವತ್ತು ಗೋರಿಗಳು, ಹೀಗೆ ಹಳೆಯ ಯುದ್ಧಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿಬಿಡುತ್ತಾಳೆ. ತೋಪಿನ ಮುಂದೆ ಅವಳ ಗತ್ತು ನೋಡಬೇಕು, ಬತ್ತಿಗೆ ಕಿಡಿ ಹಚ್ಚಿದವಳು ತಾನೇ ಎಂಬಂತೆ ಮಾತಾಡುತ್ತಾಳೆ. ಸಾಠ್ ಕಬರಿಗೆ ಬಂದರೆ ಮಾತ್ರ ದನಿ ಇಳಿಯುತ್ತದೆ.

ಅಲ್ಲಿ ಕುರುಚಲು ಗಿಡಗಳ ನಡುವೆ ಸಾಲುಸಾಲು ಕಪ್ಪು ಗೋರಿಗಳು, ಪಕ್ಕದಲ್ಲೊಂದು ಬಾವಿ. ಯುದ್ಧಕ್ಕೆ ಹೊರಟ ಸರದಾರನೊಬ್ಬ, ತಾನು ಬದುಕಿ ಬರುವುದಿಲ್ಲವೆಂದು ಜೋಯಿಸರಿಂದ ತಿಳಿದು, ಹೆಂಡಿರು ಇನ್ನೊಬ್ಬನ ಪಾಲಾಗಬಾರದೆಂದು ಅವರನ್ನು ಕಾವಲಿನ ಮನೆಯಲ್ಲಿ ಕೂಡಿಹಾಕಿ, ಒಬ್ಬೊಬ್ಬರನ್ನೇ ಆ ಬಾವಿಗೆ ತಳ್ಳಿದನಂತೆ. ಎಂಥ ಪ್ರೀತಿಯೋ, ಅದಕ್ಕಷ್ಟು ಬೆಂಕಿ ಹಾಕ! ಒಬ್ಬಳು ಮಾತ್ರ ತಪ್ಪಿಸಿಕೊಂಡಳಂತೆ, ಅವಳಿಗೆಂದು ಕಟ್ಟಿಸಿದ್ದ ಗೋರಿ ಇನ್ನೂ ಬರಿದಾಗಿದೆಯಂತೆ.

ವಿಜಯಲಕ್ಷ್ಮಿಯ ಗಂಡ ಭೀಮಾಶಂಕರ ಮಿಲಿಟರಿಯಲ್ಲಿದ್ದ. ಕೊನೆಯ ರಜೆ ಮುಗಿಸಿ ಹೊರಟಾಗ, "ನಾ ಬರಲಿಲ್ಲಂದ್ರ ಮತ್ತೊಬ್ಬನ ಹೊಸ್ತಿಲಾ ತುಳೀಬ್ಯಾಡ" ಎಂದು ತಾಯಿಯ ಎದುರಿಗೇ ಹೆಂಡತಿಯಿಂದ ಭಾಷೆ ತೆಗೆದುಕೊಂಡಿದ್ದ. ಗಡಿಯಲ್ಲಿ ಗುಂಡು ತಗುಲಿ ಸತ್ತ. ಅಂದಿನಿಂದ ಗೋರಿಗಳ ನಡುವೆ ನಿಂತಾಗೆಲ್ಲ ಅವಳ ಬೆನ್ನ ಹಿಂದೆ, ಒಣ ಎಲೆಗಳ ಮೇಲೆ, ಬೂಟಿನ ಸಪ್ಪಳ. ತಿರುಗಿದರೆ ಯಾರೂ ಇರುವುದಿಲ್ಲ. ಅವಳಿಗೆ ಗಂಡನ ನೆನಪಿಗಿಂತ ಗಂಡನ ಭಯವೇ ಹೆಚ್ಚು.

ಈಗ ಟೆಂಪೋ ಓಡಿಸುವ ಟಿಕೋಟಾದ ಸಂಗನಬಸವ, ಅವನೂ ಹೆಂಡತಿ ಸತ್ತವನೇ, ಅವಳನ್ನು ಉಡಕಿಗೆ ಕೇಳಿದ್ದಾನೆ. ವಿಧವೆಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಕಿ ಅವರ ಮಂದಿಯಲ್ಲಿ ಹಿಂದಿನಿಂದ ಬಂದದ್ದು, ಊರವರು ತಕರಾರು ಮಾಡುವಂತಿಲ್ಲ. ವಿಜಯಲಕ್ಷ್ಮಿಗೂ ಮನಸ್ಸಿದೆ. ಆದರೆ ಅತ್ತೆ ಲಕ್ಕವ್ವ ಹೂಂ ಅನ್ನದೆ ಅವಳು ಹೆಜ್ಜೆ ಎತ್ತಲಾರಳು, ಕೊಟ್ಟ ಭಾಷೆಗೆ ಸಾಕ್ಷಿ ಅತ್ತೆಯೇ. ಲಕ್ಕವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೀ ಏನ ಕೆಲಸಾ ಮಾಡತೀ ನೋಡತೇನಿ" ಎಂದು ಒಂದು ದಿನ ಬಂದು ಟೆಂಪೋದಲ್ಲಿ ಕೂತುಬಿಟ್ಟಳು.

ತೋಪು, ಕೋಟೆ ಯಾವುದಕ್ಕೂ ಮುದುಕಿ ತುಟಿ ಬಿಚ್ಚಲಿಲ್ಲ. ಸಾಠ್ ಕಬರಿನಲ್ಲಿ ಕಥೆ ಮುಗಿದು, ಪ್ರವಾಸಿಗರು ಸೆಲ್ಫಿ ಹಿಡಿಯಲು ಬಾವಿಯ ಕಡೆ ಹೋದ ಮೇಲೆ ಸೊಸೆಯನ್ನು ಕೇಳಿದಳು:

"ಅಲ್ಲಬೇ, ಆ ತಪ್ಪಿಸಿಕೊಂಡಾಕಿಗೆ ಬಾಗಲಾ ಯಾರು ತಗದ್ರು?"

"ಅದು ಕಥಿಯೊಳಗ ಇಲ್ರಿ ಅತ್ತಿ."

"ಕಾವಲು ಇಟ್ಟ ಮನ್ಯಾಗಿಂದ ಒಬ್ಬಾಕೀನ ಹ್ಯಾಂಗ ಹೊರಗ ಬರತಾಳ? ಯಾರರ ತಗದಿರಬೇಕು."

ಅಷ್ಟರಲ್ಲಿ ವಿಜಯಲಕ್ಷ್ಮಿಯ ಬೆನ್ನ ಹಿಂದೆ ಎಲೆಗಳ ಮೇಲೆ ಸಪ್ಪಳ ಶುರುವಾಗಿತ್ತು.

"ಅತ್ತಿ, ಅವರು ಬಂದಾರ್ರಿ," ಎಂದಳು.

ಲಕ್ಕವ್ವ ಸೊಸೆಯ ಬೆನ್ನ ಹಿಂದೆ ದಿಟ್ಟಿಸಿ ನೋಡಿದಳು.

"ನನಗೂ ಕೇಳಸಾಕತ್ತೈತಿ," ಎಂದಳು. ಸೊಸೆಯ ತೋಳು ಹಿಡಿದು ಟೆಂಪೋದ ಕಡೆಗೆ ತಿರುಗಿಸಿದಳು. "ನೀ ನಡಿ, ಸಂಗನಬಸು ಕಾಯಾಕತ್ತಾನ. ಹಿಂದ ತಿರಗಿ ನೋಡಬ್ಯಾಡ. ನನ್ನ ಮಗನ ಕೂಡ ನಾ ಮಾತಾಡತೇನಿ."

ಹಾಗೆಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋರಿಗಳ ನಡುವಿನ ದಾರಿಗೆ ಅಡ್ಡ ನಿಂತಳು.