ಡ್ಯಾನ್‌ಫೋರ್ತ್ ಕೋಣೆಯಲ್ಲಿ ಫೋನ್ ಎತ್ತಿದವಳು

ದೆವ್ವದ ಮಾತು ಬಂದರೆ ನನಗೆ ಮೊದಲಿಂದಲೂ ನಗು. ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆ ಲೈಟು ಹೋದ ಕೂಡಲೇ ಇಂಥ ಕಥೆ ಶುರು ಮಾಡುತ್ತಿದ್ದಳು. ಉಳಿದ ಹುಡುಗರು ಆಕೆಯ ಸೆರಗು ಹಿಡಿದು ಕೂತರೆ ನಾನು, "ಆ ದೆವ್ವಕ್ಕ ಬ್ಯಾರೆ ಉದ್ಯೋಗ ಇಲ್ಲೇನ ಅತ್ತಿ?" ಅಂತ ಕೇಳಿ ಬೈಸಿಕೊಳ್ಳುತ್ತಿದ್ದೆ. ಮುಂದೆ ಎಂಜಿನಿಯರಿಂಗ್ ಓದಿದ ಮೇಲಂತೂ ಆ ಅಹಂಕಾರ ಇನ್ನಷ್ಟು ಗಟ್ಟಿಯಾಯಿತು.

ಈಗ ಹೇಳಹೊರಟಿರುವುದು ದೆವ್ವದ ಕಥೆಯೇ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನಾನು ಕಣ್ಣಾರೆ ಏನನ್ನೂ ನೋಡಲಿಲ್ಲ. ನೋಡಿದವರೆಲ್ಲ ಬೇರೆಯವರು. ಅವರು ನೋಡಿದ್ದಕ್ಕೆ ಉತ್ತರ ಕೊಡುವ ಪಾಳಿ ಮಾತ್ರ ನನ್ನದಾಯಿತು.

ತೊಂಬತ್ತರ ದಶಕದ ನಡುವೆ ನಾನು ಟೊರೊಂಟೊಗೆ ಬಂದೆ. ಪಕ್ಕದ ಊರಾದ ಪಿಕರಿಂಗ್‌ನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ. ಮದುವೆಯಾಗಿ ವರುಷ ತುಂಬಿರಲಿಲ್ಲ. ಹೆಂಡತಿ ಶೈಲಜಾಳ ವೀಸಾ ಇನ್ನೂ ಆಗಿರಲಿಲ್ಲ, ಅವಳು ಗದಗಿನಲ್ಲಿ ತವರುಮನೆಯಲ್ಲಿದ್ದಳು. ಅವಳು ಬರುವ ತನಕ ಒಬ್ಬನಿಗೆ ದೊಡ್ಡ ಮನೆ ಯಾಕೆ ಅಂತ ಡ್ಯಾನ್‌ಫೋರ್ತ್ ರಸ್ತೆಯ ಗ್ರೀಕರ ಓಣಿಯಲ್ಲಿ ಸಾಮಾನು ಸಮೇತ ಒಂದೇ ಕೋಣೆಯ ಸ್ಟುಡಿಯೋ ಮನೆ ಬಾಡಿಗೆಗೆ ಹಿಡಿದೆ.

ಅದು ಹಳೇ ಇಟ್ಟಿಗೆ ಮನೆ. ಕೆಳಗೆ ಮನೆಯೊಡತಿ ವೂಲಾ, ಮೇಲೆ ನಾನು. ವೂಲಾಗೆ ಎಪ್ಪತ್ತರ ಮೇಲೆ ವಯಸ್ಸು, ಗಂಡ ಸತ್ತಾಗಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ತೊಟ್ಟವಳಲ್ಲ. ಇಂಗ್ಲಿಷು ನಾಲ್ಕು ಮಾತು ಬರುತ್ತಿತ್ತು, ಆ ನಾಲ್ಕನ್ನೇ ಜೋರಾಗಿ ಹೇಳುತ್ತಿದ್ದಳು. ಕೋಣೆಯಲ್ಲಿ ಮಂಚ, ದುಂಡು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಒಲೆ, ಗೋಡೆಯ ಮೇಲೆ ಯಾವನೋ ಗಡ್ಡದ ಸಂತನ ಪಟ. ಎಲ್ಲದರ ಮೇಲೂ ಅವಳೇ ಹೆಣೆದ ಕ್ರೋಶಾ ಬಟ್ಟೆ. ರಸ್ತೆಯ ಕಡೆಗೊಂದು ಕಿಟಕಿ. ಕಿಟಕಿಯ ಪಕ್ಕ ನನ್ನ ಹೆಸರಿಗೆ ಹಾಕಿಸಿಕೊಂಡ ಫೋನು. ನನಗೆ ಕೋಣೆ ಹಿಡಿಸಿತು. ಬೆಳಗ್ಗೆ ಎದುರಿನ ಬೇಕರಿಯಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು, ಅಂಗಡಿಯ ಬೋರ್ಡುಗಳಲ್ಲಿ ಓದಲಾಗದ ಗ್ರೀಕ್ ಅಕ್ಷರ. ಪರದೇಶದೊಳಗೆ ಮತ್ತೊಂದು ಪರದೇಶ ಅನ್ನಿ. ನನ್ನ ಹಾಗೇ ಅವರೂ ಎಲ್ಲಿಂದಲೋ ಬಂದವರು ಅನ್ನುವ ಸಮಾಧಾನವಿತ್ತು.

ಮೊದಲ ಸೂಚನೆ ಸಿಕ್ಕಿದ್ದು ಅವರ ಈಸ್ಟರ್ ಹಬ್ಬದ ದಿನ. ವೂಲಾ ಮೆಟ್ಟಿಲು ಹತ್ತಿ ಬಂದು ಕೆಂಪು ಬಣ್ಣ ಬಳಿದ ಕೋಳಿಮೊಟ್ಟೆಗಳನ್ನು ಕೈಗಿಟ್ಟಳು. "ಒಂದು ನಿನಗೆ, ಒಂದು ನಿನ್ನ ಹೆಂಡತಿಗೆ" ಅಂದಳು. ನಾನು ಮೊಟ್ಟೆ ತಿನ್ನುವವನಲ್ಲ. ಅದನ್ನು ಹೇಳುವುದೋ ಬೇಡವೋ ಅನ್ನುವ ಪೇಚಾಟದಲ್ಲಿ, ನನ್ನ ಹೆಂಡತಿ ಇಂಡಿಯಾದಲ್ಲಿದ್ದಾಳೆ ಅಂತಷ್ಟೇ ಅಂದೆ. ವೂಲಾ ನನ್ನ ಭುಜ ತಟ್ಟಿ, "ಹಬ್ಬದ ದಿನ ತಮಾಷೆ!" ಅಂತ ನಕ್ಕು ಇಳಿದುಹೋದಳು. ಮುದುಕಿಗೆ ಅರ್ಥವಾಗಿಲ್ಲ ಅಂದುಕೊಂಡೆ.

ಆಮೇಲೆ ಬೇಕರಿಯ ಸ್ಟಾವ್ರೋಸ್. ಅವನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು, ಅರ್ಥವಾಗಿಲ್ಲ ಅನ್ನುವ ಹಾಗಿರಲಿಲ್ಲ. ಒಂದು ಶನಿವಾರ ಬ್ರೆಡ್ಡು ಕಟ್ಟಿಕೊಡುತ್ತಾ, "ನಿಮ್ಮ ಮನೆಯವರು ಯಾಕೆ ಹೊರಗೆ ಬರೋದೇ ಇಲ್ಲ? ಮಧ್ಯಾಹ್ನವೆಲ್ಲ ಕಿಟಕೀಲಿ ನಿಂತಿರ್ತಾರೆ. ಕೈ ಬೀಸಿದ್ರೆ ತಿರುಗಿ ಬೀಸೋದಿಲ್ಲ. ನಾಚಿಕೆಯೇನೋ" ಅಂದ.

"ನೀವು ಬೇರೆ ಮನೆ ನೋಡಿರಬೇಕು."

"ವೂಲಾಳ ಮನೆ ನನಗೆ ಗೊತ್ತಿಲ್ವಾ? ಕೂದಲು ಬಿಟ್ಟುಕೊಂಡಿರ್ತಾರೆ, ಒಣಗಿಸೋ ಹಾಗೆ."

ನಾನು ದುಡ್ಡು ಕೊಟ್ಟು ಬಂದೆ. ಸಿಟ್ಟು ಬಂದಿತ್ತು. ನಾನಿಲ್ಲದಾಗ ವೂಲಾ ತನ್ನ ಕಡೆಯ ಯಾರನ್ನೋ ಮೇಲೆ ಬಿಡುತ್ತಿದ್ದಾಳೆ ಅನಿಸಿತು. ಅವಳನ್ನು ಒಪ್ಪಿಸಿ ಬೀಗ ಬದಲಾಯಿಸಿದೆ, ಕೀಲಿ ನನ್ನ ಹತ್ತಿರ ಮಾತ್ರ ಇಟ್ಟುಕೊಂಡೆ. ಕೋಣೆಯಲ್ಲಿ ಒಂದು ಕಡ್ಡಿಯೂ ಅಲುಗಿದ್ದು ಕಾಣಲಿಲ್ಲ. ಯಾವ ವಾಸನೆ, ಯಾವ ಸದ್ದೂ ಇಲ್ಲ. ರಾತ್ರಿ ನಾನು ಆರಾಮವಾಗಿ ನಿದ್ದೆ ಮಾಡುತ್ತಿದ್ದೆ. ಇದನ್ನು ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ನನಗೆ ಏನಾದರೂ ಅನಿಸಿರಬೇಕು ಅಂತಲೇ ತಿಳಿಯುತ್ತಾರೆ. ನನಗೆ ಏನೂ ಅನಿಸಿರಲಿಲ್ಲ.

ನ್ಯೂಮಾರ್ಕೆಟ್‌ನಲ್ಲಿ ನಾಗರಾಜ್ ಮತ್ತು ವಸುಧಾ ಅಂತ ಮೈಸೂರಿನ ದಂಪತಿ ಇದ್ದರು. ಆಗ ಟೊರೊಂಟೊ ಸುತ್ತಮುತ್ತ ನನಗೆ ಗೊತ್ತಿದ್ದ ಕನ್ನಡದವರು ಅವರೇ. ಬೇಸಿಗೆಯಲ್ಲಿ ಹೊಸ ಮನೆ ಕೊಂಡು ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಒಂದು ಸಂಜೆ ನಾಗರಾಜ್ ಫೋನ್ ಮಾಡಿ ಕರೆದಿದ್ದರು, ಹೋದೆ. ಮನೆ ತುಂಬ ಜನ, ಬೇಸ್‌ಮೆಂಟಿನಲ್ಲಿ ಎಲೆ ಹಾಕಿದ್ದರು. ಧಾರವಾಡ ಕಡೆಯ ಒಬ್ಬ ಹೆಂಗಸಿಗೆ ನಮಸ್ಕಾರ ಮಾಡಿದರೆ ಆಕೆ ಮುಖ ತಿರುಗಿಸಿದರು. ಊಟವಾದ ಮೇಲೆ ವಸುಧಾ ನನ್ನನ್ನು ಅಡುಗೆಮನೆಗೆ ಕರೆದರು.

"ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಇನ್ವೈಟ್ ಮಾಡೋಕೆ ಮೊನ್ನೆ ಮಧ್ಯಾಹ್ನ ಫೋನ್ ಮಾಡಿದ್ದೆ. ಯಾರೋ ಹೆಂಗಸರು ಎತ್ತಿದ್ರು."

"ರಾಂಗ್ ನಂಬರ್ ಹೋಗಿರಬೇಕ್ರಿ."

"ನಿಮ್ಮ ಹೆಸರು ಹೇಳಿ ಕೇಳ್ದೆ. 'ಅವರು ಕೆಲಸಕ್ಕ ಹೋಗ್ಯಾರ್ರಿ, ಸಂಜೀಗೆ ಬರ್ತಾರ' ಅಂದ್ರು. ನಿಮ್ಮ ಕಡೆ ಕನ್ನಡವೇ. ಶೈಲಜಾ ಬಂದುಬಿಟ್ರಾ, ನಮಗೆ ಹೇಳ್ಲೇ ಇಲ್ವಲ್ಲ ಅಂತ ಖುಷಿಯಾಗಿ ಎಲ್ಲರ ಹತ್ರ ಹೇಳ್ಬಿಟ್ಟೆ. ಆಮೇಲೆ ಇವರು, ಅವ್ರಿಗೆ ವೀಸಾನೇ ಆಗಿಲ್ಲ ಅಂದ್ರು."

ನನ್ನ ಕೈಯಲ್ಲಿ ಪ್ರಸಾದದ ದೊನ್ನೆ ಇತ್ತು. ಆ ಗ್ರೀಕರ ಮನೆಯಲ್ಲಿ ಗ್ರೀಕ್ ಮಾತಾಡುವ ಹೆಂಗಸಿದ್ದರೆ ಏನೋ ಒಂದು ಅರ್ಥ ಹಚ್ಚಬಹುದಿತ್ತು. ಹುಬ್ಬಳ್ಳಿ ಕನ್ನಡ ಆಡುವವಳು ಅಲ್ಲಿಗೆ ಎಲ್ಲಿಂದ ಬರಬೇಕು? ವಸುಧಾ ಸುಳ್ಳು ಹೇಳುವವರಲ್ಲ. "ನನ್ನ ಕೋಣ್ಯಾಗ ಯಾರೂ ಇಲ್ರಿ" ಅಂದೆ. "ಸರಿ ಬಿಡಿ, ನಾನ್ಯಾಕೆ ಕೇಳ್ಲಿ" ಅಂತ ಆಕೆ ಪಾತ್ರೆ ತೊಳೆಯಲು ತಿರುಗಿದರು. ನನ್ನ ಮಾತು ಅವರು ನಂಬಲಿಲ್ಲ ಅಂತ ಅವರ ಬೆನ್ನು ನೋಡಿಯೇ ತಿಳಿಯಿತು.

ಫೋನ್ ಕಂಪನಿಯವರನ್ನು ಕರೆಸಿದೆ. ಬಂದವನು ತಂತಿ, ಪೆಟ್ಟಿಗೆ ಎಲ್ಲ ನೋಡಿ ಏನೂ ತೊಂದರೆ ಇಲ್ಲ ಅಂದ. ಅಷ್ಟರಲ್ಲಿ ಮಾತು ಸಮುದ್ರ ದಾಟಿತ್ತು. ಆ ಧಾರವಾಡದ ಹೆಂಗಸಿನ ಅಕ್ಕನನ್ನು ಗದಗಿಗೆ ಕೊಟ್ಟಿದ್ದರು. ಭಾನುವಾರ ಎಂದಿನಂತೆ ಶೈಲಜಾಗೆ ಫೋನ್ ಮಾಡಿದರೆ ಮಾವನವರು ಎತ್ತಿದರು. ಮೆತ್ತಗೆ ಮಾತಾಡುವ ಮನುಷ್ಯ. ಅವತ್ತು ನೇರವಾಗಿ, "ಅಳಿಯಂದ್ರ, ನಿಮ್ಮ ಮನ್ಯಾಗ ಯಾರ ಅದಾರ?" ಅಂತ ಕೇಳಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಹಂಗಾರ ವೀಸಾದ ಅವಸರ ಬ್ಯಾಡ. ಮಗಳು ಇಲ್ಲೇ ಇರ್ಲಿ" ಅಂದು ಫೋನು ಅವಳ ಕೈಗೆ ಕೊಟ್ಟರು.

ಶೈಲಜಾ, "ಖರೆ ಹೇಳ್ರಿ. ನಾ ಅಳಂಗಿಲ್ಲ" ಅಂದಳು.

"ಖರೇನ ಹೇಳಾಕತ್ತೀನಿ. ಯಾರೂ ಇಲ್ಲ."

"ಎತ್ತಿದಾಕಿ ಯಾರು ಮತ್ತ?"

ಗುಟ್ಟು ಇದ್ದವನು ಒಂದು ಸುಳ್ಳನ್ನಾದರೂ ಹೊಂದಿಸುತ್ತಾನೆ. ನನಗೆ ಸುಳ್ಳು ಹೇಳಲಿಕ್ಕೂ ಏನೂ ಗೊತ್ತಿರಲಿಲ್ಲ. ಅವಳು ಅಳುವುದಿಲ್ಲ ಅಂದಿದ್ದಳು, ಅತ್ತಳು. ಕಾಲಿಂಗ್ ಕಾರ್ಡಿನ ದುಡ್ಡು ಮುಗಿದು ಲೈನು ಕಡಿದುಹೋಯಿತು.

ಆ ವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಹೊರಟೆ. ಸಬ್‌ವೇ ರೈಲು ಇಳಿದು ನೇರ ಮನೆಗೆ ಹೋಗದೆ ಬೇಕರಿಯ ಪಕ್ಕದ ಪೇಫೋನಿಗೆ ಹೋದೆ. ಅಲ್ಲಿಂದ ನನ್ನ ಕಿಟಕಿ ಸರಿಯಾಗಿ ಕಾಣುತ್ತಿತ್ತು. ಚುರುಚುರು ಬಿಸಿಲು, ಪಾದಚಾರಿ ಹಾದಿ ತುಂಬ ಜನ, ಹೋಟೆಲಿನ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಮುದುಕರು. ಹೆದರಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ನಾಣ್ಯ ಹಾಕಿ ನನ್ನದೇ ನಂಬರು ಒತ್ತಿದೆ. ಯಾರೂ ಎತ್ತದೆ ಗಂಟೆ ಹೊಡೆಯುತ್ತಲೇ ಇರಲಿ, ಹಾಗೆ ಹೊಡೆದರೆ ಎಲ್ಲರಿಗೂ ಹೇಳುತ್ತೇನೆ ಅಂದುಕೊಂಡೆ.

ಎತ್ತಿದರು.

"ಹಲೋ, ಯಾರ್ ಬೇಕಾಗಿತ್ರಿ?"

ಹೆಣ್ಣು ದನಿ. ಎಳೆಯದಲ್ಲ, ಮುದಿಯೂ ಅಲ್ಲ. ಕೆಲಸದ ನಡುವೆ ಎದ್ದು ಬಂದವರ ಹಾಗೆ ಸ್ವಲ್ಪ ಏದುಸಿರು. ಶೈಲಜಾಳ ದನಿ ಅಲ್ಲ, ನಾನು ಹಿಂದೆಂದೂ ಕೇಳಿದ ದನಿಯೂ ಅಲ್ಲ. ನನ್ನ ಬಾಯಿಂದ ಹೊರಟದ್ದು ನನ್ನದೇ ಹೆಸರು. "ಅವರು ಅದಾರೇನ್ರಿ?" ಅಂದೆ.

"ಇನ್ನೂ ಬಂದಿಲ್ರೀ. ನಾನೂ ಅವರ ಹಾದೀನ ನೋಡಾಕತ್ತೀನಿ." ಮತ್ತೆ ಆ ದನಿಯೇ, "ನೀವು ಯಾರು ಅಂತ ಹೇಳ್ಲಿರಿ?" ಅಂತ ಕೇಳಿತು.

ನನ್ನ ಕಣ್ಣು ಕಿಟಕಿಯ ಮೇಲೇ ಇತ್ತು. ಅಲ್ಲಿ ಕ್ರೋಶಾ ಪರದೆ ಬಿಟ್ಟು ಏನೂ ಇರಲಿಲ್ಲ. ಫೋನು ಹಾಗೇ ನೇತಾಡಲು ಬಿಟ್ಟು ರಸ್ತೆ ದಾಟಿ ಓಡಿದೆ, ಕಾರಿನವನೊಬ್ಬ ಬೈದ. ಬಾಗಿಲಲ್ಲಿ ವೂಲಾ ಕುರ್ಚಿ ಹಾಕಿಕೊಂಡು ಬೀನ್ಸ್ ಮುರಿಯುತ್ತಿದ್ದಳು.

"ಮೇಲೆ ಯಾರಿದ್ದಾರೆ?" ಅಂತ ಕೂಗಿದೆ.

ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, "ನಿನ್ನ ಹೆಂಡತಿ" ಅಂದಳು.

ಮೇಲೆ ನಾನೇ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ತೆಗೆದೆ. ಬೆಳಗ್ಗೆ ಕುಡಿದಿಟ್ಟ ಲೋಟ ಮೇಜಿನ ಮೇಲೆ, ಹೊದಿಕೆ ಮಂಚದ ಮೇಲೆ, ಫೋನು ತನ್ನ ಜಾಗದಲ್ಲಿ. ರಿಸೀವರು ಎತ್ತಿ ಕಿವಿಗಿಟ್ಟರೆ ಬರೀ ಗುಂಯ್ ಅನ್ನುವ ಶಬ್ದ. ಹಿಂದಿನಿಂದ ವೂಲಾ ಮೊಣಕಾಲು ಹಿಡಿದುಕೊಂಡು ಹತ್ತಿ ಬಂದಳು. ಖಾಲಿ ಕೋಣೆ ಸುತ್ತಲೂ ನೋಡಿದಳು. ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ಅಂಗಡಿಗೆ ಹೋಗಿರಬೇಕು, ಬರ್ತಾಳೆ. ಜಗಳ ಆಡಬೇಡ, ಒಳ್ಳೇ ಹುಡುಗಿ" ಅಂತ ಹೇಳಿ ಇಳಿದುಹೋದಳು. ನಾನು ಮಂಚದ ಮೇಲೆ ಕೂತು ಅತ್ತೆ. ಹೆದರಿಕೆಗೆ ಅಲ್ಲ. ಇದನ್ನು ಯಾರಿಗೆ ಹೇಳಿದರೂ ನನ್ನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ ಅಂತ ಗೊತ್ತಾಗಿ ಅತ್ತೆ.

ಆದರೂ ಶೈಲಜಾಗೆ ಎಲ್ಲವನ್ನೂ ಹೇಳಿದೆ, ಆ ದನಿ ಆಡಿದ ಮಾತನ್ನೂ ಬಿಡದೆ. ನಾನು ಪಿಕರಿಂಗ್‌ನಲ್ಲೇ ಒಂದು ಅಪಾರ್ಟ್‌ಮೆಂಟ್ ನೋಡಿ ಸಾಮಾನು ಸಾಗಿಸಿದೆ. ಅಲ್ಲಿ ಯಾರೂ ಫೋನ್ ಎತ್ತಲಿಲ್ಲ, ಯಾರೂ ಕಿಟಕಿಯಲ್ಲಿ ನಿಲ್ಲಲಿಲ್ಲ. ಡ್ಯಾನ್‌ಫೋರ್ತ್ ಕೋಣೆಯ ಬಾಡಿಗೆ ಅವಧಿ ಇನ್ನೂ ಉಳಿದಿತ್ತು, ಕೀಲಿ ನನ್ನಲ್ಲೇ ಇತ್ತು.

ಚಳಿ ಶುರುವಾಗುವ ಹೊತ್ತಿಗೆ ವೀಸಾ ಬಂತು. ಮಾವನವರು ಕಳಿಸಲು ಒಪ್ಪಿರಲಿಲ್ಲವಂತೆ. "ಹೋಗಿ ನಾನ ನೋಡ್ತೀನಿ" ಅಂತ ಹಟ ಹಿಡಿದು ಶೈಲಜಾ ಬಂದಳು. ವಿಮಾನ ನಿಲ್ದಾಣದಲ್ಲಿ ನನ್ನನ್ನು ನೋಡಿ ನಗಲಿಲ್ಲ. ನಿದ್ದೆ ತೀರಿಸಿಕೊಂಡು ಎದ್ದವಳೇ ಕೇಳಿದ್ದು, "ಆ ಕೋಣಿ ತೋರಸ್ರಿ."

ಕರೆದುಕೊಂಡು ಹೋದೆ. ಹಾಡು ಹಗಲು. ಅವಳು ಕೋಣೆಯ ನಡುವೆ ನಿಂತು ಮಂಚ ನೋಡಿದಳು, ಒಲೆ ನೋಡಿದಳು, ಕಪಾಟಿನ ಬಾಗಿಲು ತೆಗೆದು ನೋಡಿದಳು. ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಹೊರಗೆ ನೋಡುತ್ತಾ ನಿಂತಳು. ಅಷ್ಟರಲ್ಲಿ ವೂಲಾ ಬಂದಳು. ನಾನು, "ಇವಳು ನನ್ನ ಹೆಂಡತಿ" ಅಂತ ಪರಿಚಯ ಮಾಡಿಕೊಟ್ಟೆ. ವೂಲಾ ಶೈಲಜಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನಾನು ಅಲ್ಲಿಯವರೆಗೆ ಕಾಣದ ತಿರಸ್ಕಾರವಿತ್ತು. "ಇವಳು ಯಾರು?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಕೀಲಿ ಕಿತ್ತುಕೊಂಡು ಹೋದಳು.

ಶೈಲಜಾಗೆ ಆ ಇಂಗ್ಲಿಷು ಅರ್ಥವಾಗಿತ್ತು.

ವಾಪಸು ರೈಲಿನಲ್ಲಿ ನಾವು ಅಕ್ಕಪಕ್ಕ ಕೂತೆವು. ಅವಳು ಈಗ ಎದ್ದು ನನ್ನನ್ನು ಬಿಟ್ಟುಹೋದರೂ ತಡೆಯಲು ನನ್ನ ಹತ್ತಿರ ಒಂದು ಮಾತೂ ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಕಿಟಕಿಯಾಚೆ ಸರೋವರದ ನೀರು ಬಂದು ಹೋಯಿತು. ಪಿಕರಿಂಗ್ ಹತ್ತಿರ ಬರುವಾಗ ಅವಳು ನನ್ನ ಕೈ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ಹೇಳಿದಳು:

"ಬಿಟ್ಟು ಬರೂಕಿಂತ ಮದ್ಲ ಆ ಫೋನ್ ಎತ್ತಿದಾಕಿಗೊಂದು ಮಾತ ಹೇಳಬೇಕಾಗಿತ್ತು ನೀವು. ಪಾಪ."

ಅದಾಗಿ ಎಷ್ಟೋ ವರ್ಷವಾಯಿತು. ಮಕ್ಕಳು ದೊಡ್ಡವರಾಗಿದ್ದಾರೆ, ನಾವು ಜಗಳವಾಡುವುದೂ ಇದೆ, ನಗುವುದೂ ಇದೆ. ಫೋನಿನಲ್ಲಿ ಮಾತಾಡಿದವಳು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ರೈಲಿನಲ್ಲಿ ಶೈಲಜಾ ನನ್ನನ್ನು ನಂಬಿ ಆ ಮಾತು ಆಡಿದಳೋ, ಕ್ಷಮಿಸಿ ಆಡಿದಳೋ, ಅದೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.